ಶಂಡಿಗಿ ಒಣಗಿಸಾಕ ಬರದ ಚಾವಣಿ

ಅಕ್ಕೋರ, ಚಿಗವ್ವೋರ, ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡಿಯಿಂದ ಬೆಂಗಳೂರಿಗೆ ದುಡಿಯಾಕ ಹೋದವ್ರು ಓಣಿಗೆ ನಾಕು ಮಂದಿಯಾದ್ರೂ ಅದಾರ. ಅಲ್ಲಿ ರಿಚ್ಮಂಡ್ ಟೌನಿನಾಗ, ಹೊಸೂರು ರಸ್ತೆಗೆ ಹತ್ತಿ ಒಂದು ಚರ್ಚು ಗಿಡಗಳ ನಡುವ ಕುಂತೈತಿ. ಹೆಸರು ಆಲ್ ಸೇಂಟ್ಸ್. 1869ರಾಗ ಅಡಿಗಲ್ಲು ಹಾಕಿದ್ರು, 1870ರಾಗ ಪ್ರಾರ್ಥನಾ ಶುರು ಆತು. ನಕ್ಷಾ ತೆಗೆದಾತ ರಾಬರ್ಟ್ ಚಿಸಮ್. ಮದ್ರಾಸ್ ವಿಶ್ವವಿದ್ಯಾಲಯದ ಸೆನೆಟ್ ಹೌಸಿನ ನಕ್ಷಾನೂ ಆತಂದೇ. ಅದು ಅರಮನಿ ಹಂಗ ಐತಿ. ಇದು ಮಾತ್ರ ಇಂಗ್ಲೆಂಡಿನ ಹಳ್ಳ್ಯಾಗಿನ ಪ್ಯಾರಿಷ್ ಚರ್ಚಿನ ಪಡಿಯಚ್ಚು.

ಪ್ಯಾರಿಷ್ ಅಂದ್ರ ಒಂದು ಚರ್ಚಿನ ಸರಹದ್ದು. ಕೂಸಿನ ದೀಕ್ಷಾಸ್ನಾನ, ಮದುವಿ, ಮಣ್ಣು ಎಲ್ಲಾ ಅಲ್ಲೇ. ಇವನ್ನೆಲ್ಲಾ ಚರ್ಚಿನ ಪುಸ್ತಕದಾಗ ಬರೀಬೇಕಂತ ಇಂಗ್ಲೆಂಡಿನಾಗ 1538ರಾಗ ಹುಕುಂ ಆತು. ಹಂಗಾಗಿ ಹೊಲ ಮನಿ ಇಲ್ಲದ ಹೆಣ್ಮಕ್ಕಳ ಹೆಸರೂ ಉಳಕೊಂಡಾವ. ನಮ್ಮ ಮುತ್ತಜ್ಜಿ ಹೆಸರು ಏನಂತ ಕೇಳಿದ್ರ ನಮ್ಮ ಮನ್ಯಾಗ ಹೇಳಾವ್ರಿಲ್ಲ. ಇದನ್ನ ಓದಿದಾಗ ಕರುಳಿಗೆ ಚುಚ್ಚಿದಂಗಾತು.

ಇನ್ನ ಚಾವಣಿ ಮಾತು. ಇಂಗ್ಲೆಂಡಿನಾಗ ಮಳಿ ನೀರು, ಹಿಮ ಮ್ಯಾಲ ನಿಂದ್ರಬಾರದು, ಅದಕ್ಕ ಕಡಿದಾದ ಇಳಿಜಾರು. ನಮ್ಮ ಕಡಿ ಮಳಿ ಕಮ್ಮಿ, ಬಿಸಿಲು ಬೆಂಕಿ. ಅದಕ್ಕ ದಪ್ಪ ಗ್ವಾಡಿ, ಸಪಾಟ ಮಣ್ಣಿನ ಮಾಳಿಗಿ. ಅವ್ರ ಚಾವಣಿ ಮ್ಯಾಲ ಒಂದು ಶಂಡಿಗಿ ಒಣಗಿಸಾಕ ಬರಂಗಿಲ್ಲ ಬಿಡ್ರಿ! ಆದ್ರ ಊರು ಬಿಟ್ಟು ಅಷ್ಟು ದೂರ ಬಂದವ್ರಿಗೆ ತಮ್ಮೂರಿನ ಮಾಡೇ ಬೇಕನಿಸಿರಬೇಕು. ಇಂಥ ಚರ್ಚಿನಾಗ ಮಂದಿ ಕೂಡೋ ಉದ್ದನ ಜಾಗಕ್ಕ ನೇವ್ ಅಂತಾರ. ಲ್ಯಾಟಿನ್ ಭಾಷಾದಾಗ ಹಡಗು ಅಂತ ಅದರ ಮೂಲ. ಒಳಗ ನಿಂತು ಮ್ಯಾಲ ನೋಡಿದ್ರ ಬೋರಲು ಹಾಕಿದ ದೋಣಿನೇ ಸೈ. ಗಾಥಿಕ್ ಕಮಾನಿನ ತುದಿ ಚೂಪು. ಅದೇನು ನಮಗ ಹೊಸಾದಲ್ಲ, ವಿಜಾಪುರದ ಗೋಳಗುಮ್ಮಟದಾಗೂ ಚೂಪು ಕಮಾನು ಅದಾವಲ್ಲ.

2019ರಾಗ ನೆಲದೊಳಗಿನ ಮೆಟ್ರೋ ನಿಲ್ದಾಣದ ಸಲುವಾಗಿ ಈ ಚರ್ಚಿನ ಜಾಗ ಕೇಳಿದ್ರು. ಹಳೇ ಮರ ಹೋಗ್ತಾವಂತ ಸಭೆಯವ್ರು ಗಟ್ಟಿ ನಿಂತ್ರು. ಮೆಟ್ರೋಕ್ಕ ಸಾಲ ಕೊಡೋ ಯುರೋಪಿನ ಬ್ಯಾಂಕಿನ ತನಕ ದೂರು ಹೋತು. ಮೆಟ್ರೋ ಬ್ಯಾಡ ಅನ್ನಾಕ ನನಗ ಬಾಯಿ ಬರಂಗಿಲ್ಲ. ಬೆಂಗಳೂರಾಗ ಕಲ್ಲು ಮಣ್ಣು ಹೊತ್ತು ಹೊಟ್ಟಿ ಹೊರಕೊಳ್ಳಾವ್ರು ನಮ್ಮ ಮಂದಿನೂ ಅದಾರ. ಆದ್ರ ಕಟ್ಟಡ ಉಳೀತಲ್ಲ, ಗಿಡ ಹೋದ್ರ ಏನಾತು ಅನ್ನಾವ್ರಿಗೆ ನಾನು ಹೂಂ ಅನ್ನಂಗಿಲ್ಲ. ರಸ್ತೆ ಅಗಲ ಮಾಡಿದಾಗ ನಮ್ಮ ಮನಿನೂ ಉಳೀತು. ಮುಂದಿನ ಕಟ್ಟಿ, ಬೇವಿನ ಗಿಡ ಹೋದವು. ಸಂಜಿ ಮುಂದ ಬಂದು ಕುಂತು ಮಾತಾಡತಿದ್ದ ನೀವೆಲ್ಲ ಈಗ ಫೋನಿನಾಗ ಅಷ್ಟೇ ಸಿಗ್ತೀರಿ.