ರೈಲು ಹೋದಾಗಲೆಲ್ಲ ನಿಂತ ಪಾಠ

(1/7)
ಮೇಷ್ಟ್ರು ಪಾಠ ಮಾಡ್ತಾ ಇರ್ತಾರೆ. ಹೊರಗೆ ಲಾರಿಯವನು ಹಾರ್ನ್ ಹೊಡೀತಾನೆ. ಮೇಷ್ಟ್ರು ನಿಲ್ಲಿಸ್ತಾರೆ. ಸದ್ದು ಹೋದ ಮೇಲೆ "ಎಲ್ಲಿದ್ವಿ?" ಅಂತಾರೆ. ಹಿಂದಿನ ಬೆಂಚಿನವರು ಪಕ್ಕದವರ ನೋಟ್ಸ್ ಇಣುಕಿ ನೋಡ್ತಾರೆ. ನಮಗೆ ಇದು ಎಷ್ಟು ಅಭ್ಯಾಸ ಆಗಿದೆ ಅಂದ್ರೆ, ಇದರಿಂದ ಏನು ನಷ್ಟ ಅಂತ ಯಾರೂ ಲೆಕ್ಕ ಹಾಕೋದಿಲ್ಲ.

ಸುಮಾರು 50 ವರ್ಷದ ಹಿಂದೆ ನ್ಯೂಯಾರ್ಕಿನ ಒಂದು ಶಾಲೆಯಲ್ಲಿ ಈ ಲೆಕ್ಕ ಹಾಕಿದರು. ಅದರಿಂದ ರೈಲು ಹಳಿಯನ್ನೇ ಬದಲಾಯಿಸಬೇಕಾಯಿತು. ಈ ಸಲದ ಸರಣಿ ಆ ಕಥೆ. ಆದರೆ ಮೊದಲು, ಸದ್ದನ್ನು ಕಾಗದದ ಮೇಲೆ ತಂದವರು ಯಾರು ಅಂತ ನೋಡೋಣ.

(2/7)
1857, ಪ್ಯಾರಿಸ್. ಎಡ್ವರ್ಡ್ ಲಿಯಾನ್ ಸ್ಕಾಟ್ ವೃತ್ತಿಯಲ್ಲಿ ಮುದ್ರಣದವನು, ವಿಜ್ಞಾನಿ ಅಲ್ಲ. ನಮ್ಮ ಕಿವಿಯ ಒಳಗಿನ ತಮಟೆಯ ಹಾಗೆ ಅದುರುವ ಒಂದು ತೆಳು ಪೊರೆ, ಅದಕ್ಕೆ ಅಂಟಿಸಿದ ಒಂದು ಬಿರುಗೂದಲು, ಅದರ ಕೆಳಗೆ ತಿರುಗುವ ಉರುಳೆ. ಉರುಳೆಗೆ ಸುತ್ತಿದ ಕಾಗದಕ್ಕೆ ದೀಪದ ಕಾಡಿಗೆ ಹಿಡಿಸಿದ್ದ. ಯಾರಾದರೂ ಮಾತಾಡಿದರೆ ಕೂದಲು ಆ ಕಾಡಿಗೆಯ ಮೇಲೆ ಅಲೆಅಲೆಯಾಗಿ ಗೆರೆ ಎಳೆಯುತ್ತಿತ್ತು.

ಮಜಾ ಏನು ಗೊತ್ತಾ? ಆ ಯಂತ್ರದಿಂದ ಸದ್ದನ್ನು ಮತ್ತೆ ಕೇಳಿಸಲು ಆಗುತ್ತಿರಲಿಲ್ಲ. ಅವನಿಗೆ ಅದು ಬೇಕಾಗಿಯೂ ಇರಲಿಲ್ಲ. ಸದ್ದು ಕಣ್ಣಿಗೆ ಕಾಣಬೇಕು, ಅಷ್ಟೇ. (ಅವನು 1860ರಲ್ಲಿ ಎಳೆದ ಒಂದು ಗೆರೆಯನ್ನು 2008ರಲ್ಲಿ ಕಂಪ್ಯೂಟರ್ ಮೂಲಕ ಸದ್ದಾಗಿ ಕೇಳಿಸಿದರು!)

(3/7)
ಗೆರೆ ಸಿಕ್ಕಿತು. ಆದರೆ "ಎಷ್ಟು ಜೋರು" ಅಂತ ಹೇಳೋಕೆ ಅಳತೆ ಬೇಕಲ್ವಾ? 1920ರ ದಶಕದಲ್ಲಿ ಅಮೆರಿಕದ ಟೆಲಿಫೋನ್ ಎಂಜಿನಿಯರುಗಳು ತಂತಿಯಲ್ಲಿ ಹೋಗುವಾಗ ಮಾತು ಎಷ್ಟು ಕ್ಷೀಣಿಸುತ್ತೆ ಅಂತ ಅಳೆಯಲು ಒಂದು ಮಾನ ಮಾಡಿಕೊಂಡರು. ಅಲೆಕ್ಸಾಂಡರ್ ಗ್ರಹಾಂ ಬೆಲ್ ಹೆಸರಿನಿಂದ ಅದು ಡೆಸಿಬೆಲ್ ಆಯಿತು.

ಇಲ್ಲಿ ಒಂದು ವಿಷಯ ನೆನಪಿಟ್ಟುಕೊಳ್ಳಿ. ಡೆಸಿಬೆಲ್ ನಮ್ಮ ಅಡಿಪಟ್ಟಿಯ ಹಾಗಲ್ಲ. 10 ಡೆಸಿಬೆಲ್ ಏರಿದರೆ ಸದ್ದಿನ ತೀವ್ರತೆ 10 ಪಟ್ಟು. 20 ಏರಿದರೆ 100 ಪಟ್ಟು. 30 ಏರಿದರೆ 1000 ಪಟ್ಟು. ಈ ಕೊನೆಯ ಲೆಕ್ಕ ಮುಂದೆ ಬೇಕಾಗುತ್ತೆ.

1929ರಲ್ಲಿ ನ್ಯೂಯಾರ್ಕ್ ನಗರ ಗದ್ದಲ ತಗ್ಗಿಸಲು ಒಂದು ಆಯೋಗ ಮಾಡಿತು. ಅಳತೆಯ ಉಪಕರಣ ಹೊತ್ತ ಟ್ರಕ್ ಬೀದಿಬೀದಿ ಸುತ್ತಿತು. ನಿಮಗೆ ಯಾವ ಸದ್ದು ಕಿರಿಕಿರಿ ಅಂತ ಜನರನ್ನು ಕೇಳಿದ್ದಕ್ಕೆ 11,000ಕ್ಕೂ ಹೆಚ್ಚು ಉತ್ತರ ಬಂದವು. ವರದಿ 1930ರಲ್ಲಿ ಹೊರಬಂತು. ಆದರೂ ರೈಲುಗಳು ಗಡಗಡ ಅಂತ ಓಡ್ತಾನೇ ಇದ್ದವು.

(4/7)
ಈಗ 1970ರ ದಶಕಕ್ಕೆ ಬನ್ನಿ. ಅದೇ ನ್ಯೂಯಾರ್ಕ್, ಮ್ಯಾನ್‌ಹಟನ್‌ನ ಉತ್ತರ ತುದಿ. ಅಲ್ಲೊಂದು ಸರ್ಕಾರಿ ಪ್ರಾಥಮಿಕ ಶಾಲೆ, ಹೆಸರು ಪಿ.ಎಸ್. 98. ಪಕ್ಕದಲ್ಲೇ, ನಮ್ಮ ಮೆಟ್ರೋ ಥರ ಕಂಬಗಳ ಮೇಲೆ ಹಾದುಹೋಗುವ ರೈಲು ಮಾರ್ಗ.

ಆರ್ಲೀನ್ ಬ್ರಾನ್ಜಾಫ್ಟ್ ಅನ್ನೋರು ಅಲ್ಲಿನ ಲೇಮನ್ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದರು. ಅವರ ವಿದ್ಯಾರ್ಥಿನಿಯೊಬ್ಬರ ಮಗು ಈ ಶಾಲೆಯಲ್ಲಿತ್ತು. ಸದ್ದಿನಿಂದ ಮಕ್ಕಳು ಕಲಿಯೋಕೆ ಆಗ್ತಿಲ್ಲ, ಕೋರ್ಟಿಗೆ ಹೋಗ್ತೀವಿ ಅಂತ ಪೋಷಕರು ಹೇಳುತ್ತಿದ್ದರು. ಆದರೆ ಕೋರ್ಟಿಗೆ ಸಿಟ್ಟು ಸಾಕಾಗಲ್ಲ, ಪುರಾವೆ ಬೇಕು.

ಅಳೆದು ನೋಡಿದರು. ರೈಲು ಇಲ್ಲದಾಗ ಹಳಿ ಕಡೆಯ ಕೊಠಡಿಯಲ್ಲಿ ಸುಮಾರು 59 ಡೆಸಿಬೆಲ್. ರೈಲು ಬಂದಾಗ 89. ಅಂದರೆ 30ರ ಏರಿಕೆ, 1000 ಪಟ್ಟು ತೀವ್ರತೆ! ಇದು ಸುಮಾರು ನಾಲ್ಕೂವರೆ ನಿಮಿಷಕ್ಕೊಮ್ಮೆ, ಪ್ರತಿ ಸಲ ಅರ್ಧ ನಿಮಿಷ.

ನೀವೇ ಲೆಕ್ಕ ಹಾಕಿ. 270 ಸೆಕೆಂಡಿನಲ್ಲಿ 30 ಸೆಕೆಂಡ್, ಒಂಬತ್ತರಲ್ಲಿ ಒಂದು ಪಾಲು. 40 ನಿಮಿಷದ ಪೀರಿಯಡ್‌ನಲ್ಲಿ ಎಂಟೊಂಬತ್ತು ಸಲ ಟೀಚರ್ ಒಂದೋ ಕಿರುಚಬೇಕು, ಇಲ್ಲಾ ಸುಮ್ಮನೆ ನಿಲ್ಲಬೇಕು.

(5/7)
ಈ ಶಾಲೆಯ ಒಂದು ಅನುಕೂಲ ಏನಪ್ಪಾ ಅಂದ್ರೆ, ಹೋಲಿಸಿ ನೋಡೋಕೆ ಬೇರೆ ಊರು ಹುಡುಕಬೇಕಿರಲಿಲ್ಲ. ಅದೇ ಕಟ್ಟಡದ ಇನ್ನೊಂದು ಬದಿಯ ಕೊಠಡಿಗಳು ನಿಶ್ಶಬ್ದವಾಗಿದ್ದವು. ಅದೇ ಬಡಾವಣೆ, ಅದೇ ಪಠ್ಯ. ಜಾಣರು ಈ ಕಡೆ, ಉಳಿದವರು ಆ ಕಡೆ ಅಂತ ಮಕ್ಕಳನ್ನು ವಿಂಗಡಿಸಿಯೂ ಇರಲಿಲ್ಲ. ಬೇರೆ ಇದ್ದದ್ದು ಕಿಟಕಿ ಯಾವ ದಿಕ್ಕಿಗೆ ಅನ್ನೋದು ಮಾತ್ರ.

ಬ್ರಾನ್ಜಾಫ್ಟ್ ಮತ್ತು ಡೆನಿಸ್ ಮೆಕಾರ್ಥಿ ಎರಡೂ ಬದಿಯ ಮಕ್ಕಳ ಓದಿನ ಪರೀಕ್ಷೆಯ ಅಂಕ ಅಕ್ಕಪಕ್ಕ ಇಟ್ಟರು. 1975ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರನೇ ತರಗತಿಯ ಹೊತ್ತಿಗೆ ಹಳಿ ಕಡೆಯ ಮಕ್ಕಳು ಓದಿನಲ್ಲಿ ಸುಮಾರು ಒಂದು ವರ್ಷ ಹಿಂದೆ ಬಿದ್ದಿದ್ದರು.

ಒಂದು ವರ್ಷ! ಆ ಮಕ್ಕಳನ್ನು ಯಾರಾದರೂ "ದಡ್ಡರು" ಅಂದಿದ್ದರೆ? ಅವರ ತಪ್ಪು ಇಷ್ಟೇ, ಅವರ ಕೊಠಡಿ ಆ ಬದಿಗಿತ್ತು.

(6/7)
ಸಂಖ್ಯೆ ಕೈಗೆ ಬಂದ ಮೇಲೆ ಮಾತಿನ ಧಾಟಿಯೇ ಬದಲಾಯಿತು. ರೈಲು ಇಲಾಖೆ ಶಾಲೆಯ ಪಕ್ಕದ ಹಳಿಗಳ ಕೆಳಗೆ ರಬ್ಬರ್ ಮೆತ್ತೆ ಹಾಕಿತು. ಶಿಕ್ಷಣ ಮಂಡಳಿ ಹೆಚ್ಚು ಗದ್ದಲದ ಕೊಠಡಿಗಳ ಚಾವಣಿಗೆ ಸದ್ದು ಹೀರುವ ಹಲಗೆ ಹಾಕಿಸಿತು.

ಬ್ರಾನ್ಜಾಫ್ಟ್ ಅಷ್ಟಕ್ಕೇ ಬಿಡಲಿಲ್ಲ. ಮತ್ತೆ ಹೋಗಿ ಅಂಕಗಳನ್ನು ಹೋಲಿಸಿದರು. 1981ರಲ್ಲಿ ಪ್ರಕಟವಾದ ಎರಡನೇ ಅಧ್ಯಯನದಲ್ಲಿ ಎರಡೂ ಬದಿಯ ಮಕ್ಕಳು ಸಮಸಮ ಓದುತ್ತಿದ್ದರು. ನನಗೆ ಇಡೀ ಕಥೆಯಲ್ಲಿ ತುಂಬ ಇಷ್ಟವಾದ ಭಾಗ ಇದು. ತೊಂದರೆ ತೋರಿಸಿದವರು ಸುಮಾರು ಜನ ಸಿಗ್ತಾರೆ. ಸರಿಹೋಯ್ತಾ ಅಂತ ಮತ್ತೆ ಬಂದು ಅಳೆದವರು ಕಡಿಮೆ.

(7/7)
ಅವತ್ತು ಮಾಪಕ ಹಿಡಿದು ಮುಳ್ಳು ನೋಡಿ ಬರ್ಕೋಬೇಕಿತ್ತು. ಇವತ್ತಿನ ಸೌಂಡ್ ಲಾಗರ್ ಮೂಲೆಯಲ್ಲಿ ಕೂತು ಸೆಕೆಂಡಿಗೊಮ್ಮೆ ಸಮಯ ಮತ್ತು ಡೆಸಿಬೆಲ್ ಎರಡನ್ನೂ ತಾನೇ ಬರೆದಿಡುತ್ತೆ. ಪಿ.ಎಸ್. 98ರಲ್ಲಿ ಅದನ್ನು ಇಟ್ಟಿದ್ದರೆ ಗ್ರಾಫ್ ಬಾಚಣಿಗೆಯ ಹಾಗೆ ಕಾಣ್ತಿತ್ತು: ಕೆಳಗೆ ಸಮತಟ್ಟು, ನಾಲ್ಕೂವರೆ ನಿಮಿಷಕ್ಕೊಂದು ಹಲ್ಲು. ದಿನಕ್ಕೆಲ್ಲ ಸೇರಿ ಒಂದೇ ಸರಾಸರಿ ಹೇಳಿಬಿಟ್ಟರೆ ಈ ಹಲ್ಲುಗಳೇ ಕಾಣಲ್ಲ. ಪಾಠ ತುಂಡಾದದ್ದು ಗೊತ್ತಾಗೋದು ಗ್ರಾಫ್‌ನಲ್ಲೇ.

ನಮ್ಮ ದೇಶದಲ್ಲೂ ಕಾನೂನಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ನಿಶ್ಶಬ್ದ ವಲಯದಲ್ಲಿ ಹಗಲು ಹೊರಗಿನ ಮಿತಿ 50 ಡೆಸಿಬೆಲ್. ಶಾಲೆ, ಆಸ್ಪತ್ರೆ, ಕೋರ್ಟುಗಳ ಸುತ್ತ 100 ಮೀಟರ್ ಇಂಥ ವಲಯ ಆಗಬಹುದು. ಇನ್ನು ಕೊಠಡಿಯ ಒಳಗೆ? ಪಾಠದ ಹೊತ್ತಿನಲ್ಲಿ 35 ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಸಲಹೆ ಕೊಟ್ಟಿದೆ.

ಲ್ಯಾಬಿನಲ್ಲಿ ಲಾಗರ್ ಇದ್ದರೆ ಕೇಳಿ ಪಡ್ಕೊಳ್ಳಿ. ಇಲ್ಲದಿದ್ದರೆ ಫೋನ್ ಆ್ಯಪ್ ಆದೀತು. ಅದರ ಸಂಖ್ಯೆ ಕರಾರುವಾಕ್ ಅಲ್ಲ, ಆದರೆ ಏರಿಳಿತ ಕಾಣುತ್ತೆ. ಫ್ಯಾನ್ ಕೆಳಗೆ ಇಡಬೇಡಿ, ಜಾಗ ಬದಲಾಯಿಸಬೇಡಿ. ಪಕ್ಕದಲ್ಲಿ ಒಂದು ಪುಸ್ತಕ ಇಟ್ಟು "10:42, ಬಸ್ಸು" ಅಂತ ಬರೀತಾ ಹೋಗಿ. ಸದ್ದು ಎಷ್ಟು ಅಂತ ಲಾಗರ್‌ಗೆ ಗೊತ್ತು, ಯಾರದ್ದು ಅಂತ ಗೊತ್ತಿಲ್ಲ. ಅದನ್ನ ನೀವೇ ಬರೀಬೇಕು.

ಒಂದೇ ಒಂದು ಪೀರಿಯಡ್ ಅಳೆದು ನೋಡಿ. ನಿಮ್ಮ ಕ್ಲಾಸಿನ ಬಾಚಣಿಗೆಗೆ ಎಷ್ಟು ಹಲ್ಲು? ಕಾಮೆಂಟ್‌ನಲ್ಲಿ ಹಾಕಿ, ಎಲ್ಲರದ್ದೂ ಸೇರಿಸಿ ಒಂದು ಪೋಸ್ಟ್ ಮಾಡೋಣ.

#ಇತಿಹಾಸ #ಸದ್ದಿನಕಥೆ #ನಮ್ಮಕ್ಲಾಸು