ಕಾಣದ ಗಾಯವನ್ನು ಕಂಡುಕೊಂಡ ಚರಿತ್ರೆ

ಲೈಂಗಿಕ ದೌರ್ಜನ್ಯದ ಸುದ್ದಿಯೊಂದು ಹೊರಬಿದ್ದಾಗಲೆಲ್ಲ ನಮ್ಮ ನಡುವೆ ಕೆಲವು ಪ್ರಶ್ನೆಗಳು ತಪ್ಪದೆ ಹುಟ್ಟಿಕೊಳ್ಳುತ್ತವೆ. ಆಕೆ ಯಾಕೆ ಕಿರುಚಲಿಲ್ಲ? ಅಂದೇ ಯಾಕೆ ಹೇಳಲಿಲ್ಲ? ಮರುದಿನ ಏನೂ ಆಗದವಳಂತೆ ಕೆಲಸಕ್ಕೆ ಹೋದದ್ದು ಹೇಗೆ? ಇಷ್ಟು ವರ್ಷ ಸುಮ್ಮನಿದ್ದವಳಿಗೆ ಈಗ ನೆನಪಾಯಿತೇ? ಈ ಪ್ರಶ್ನೆಗಳನ್ನು ಪೊಲೀಸ್ ಠಾಣೆಯಲ್ಲಿ ಕೇಳುತ್ತಾರೆ, ನ್ಯಾಯಾಲಯದಲ್ಲಿ ಕೇಳುತ್ತಾರೆ, ಅದಕ್ಕೂ ಮೊದಲು ಮನೆಯ ಅಡುಗೆಕೋಣೆಯಲ್ಲೇ ಕೇಳಿ ಮುಗಿಸಿರುತ್ತಾರೆ. ಕೇಳುವವರು ಇವಕ್ಕೆ ಉತ್ತರವೇ ಇಲ್ಲವೆಂದು ಭಾವಿಸಿರುತ್ತಾರೆ. ಆದರೆ ಉತ್ತರವಿದೆ. ಅದನ್ನು ಹುಡುಕಲು ವೈದ್ಯರು, ದಾದಿಯರು ಮತ್ತು ಮನೋವಿಜ್ಞಾನಿಗಳು ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡರು. ಇಷ್ಟು ತಡವಾದದ್ದು ವಿಷಯ ಕಠಿಣವಾಗಿತ್ತು ಎಂಬ ಕಾರಣಕ್ಕಲ್ಲ. ಕಂಡುಕೊಂಡ ಸತ್ಯವನ್ನು ಸಮಾಜ ಮತ್ತೆ ಮತ್ತೆ ಕೈಬಿಟ್ಟದ್ದೇ ಅದಕ್ಕೆ ಕಾರಣ.

ಈ ಚರಿತ್ರೆಯ ಮೊದಲ ಪುಟಗಳಲ್ಲಿ ಪ್ಯಾರಿಸ್ ನಗರವಿದೆ. ನ್ಯಾಯವೈದ್ಯಶಾಸ್ತ್ರದ ತಜ್ಞರಾಗಿದ್ದ ಆಂಬ್ರ್ವಾಸ್ ತಾರ್ಡ್ಯೂ 1857ರಲ್ಲಿ ಲೈಂಗಿಕ ಅಪರಾಧಗಳ ಕುರಿತು ಒಂದು ಗ್ರಂಥ ಪ್ರಕಟಿಸಿದರು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಎಲ್ಲೋ ಅಪರೂಪಕ್ಕೆ ನಡೆಯುವಂಥದ್ದಲ್ಲ, ಅದನ್ನು ಎಸಗುವವರಲ್ಲಿ ಮಕ್ಕಳ ಹತ್ತಿರದವರೇ ಇರುತ್ತಾರೆ ಎಂಬುದನ್ನು ಅವರು ಪ್ರಕರಣಗಳ ಸಮೇತ ತೋರಿಸಿದ್ದರು. ಆದರೆ ಮುಂದಿನ ತಲೆಮಾರಿನ ಫ್ರೆಂಚ್ ವೈದ್ಯರಲ್ಲಿ ಅನೇಕರು ಇದಕ್ಕೆ ಬೆನ್ನು ಹಾಕಿದರು. 1880ರ ಹೊತ್ತಿಗೆ ಆಲ್‌ಫ್ರೆಡ್ ಫೂರ್ನ್ಯೇ ಎಂಬ ಹೆಸರಾಂತ ವೈದ್ಯರು ಮಕ್ಕಳು ಇಂಥ ಆರೋಪಗಳನ್ನು ಹೇಗೆ ಕಟ್ಟಿ ಹೇಳುತ್ತಾರೆ ಎಂಬುದರ ಬಗ್ಗೆಯೇ ಬರೆಯುತ್ತಿದ್ದರು. ಮಗುವಿನ ಗಾಯದ ಮೇಲಿದ್ದ ದೃಷ್ಟಿ ಮಗುವಿನ ಸುಳ್ಳಿನ ಕಡೆಗೆ ಹೊರಳಿತ್ತು.

ಎರಡನೆಯ ಘಟ್ಟ ವಿಯೆನ್ನಾದ್ದು. 1896ರ ಎಪ್ರಿಲ್ 21ರಂದು ಅಲ್ಲಿನ ಮನೋವೈದ್ಯರ ಸಂಘದಲ್ಲಿ ಸಿಗ್ಮಂಡ್ ಫ್ರಾಯ್ಡ್ ಒಂದು ಉಪನ್ಯಾಸ ನೀಡಿದರು. ಆಗ ಅವರಿಗೆ ನಲವತ್ತು ತುಂಬುವುದರಲ್ಲಿತ್ತು. ಹಿಸ್ಟೀರಿಯಾ ಎಂದು ಕರೆಯಲಾಗುತ್ತಿದ್ದ ಕಾಯಿಲೆಯ 18 ರೋಗಿಗಳನ್ನು ತಾವು ಪರಿಶೀಲಿಸಿದ್ದು, ಎಲ್ಲರಲ್ಲೂ ಬಾಲ್ಯದ ಲೈಂಗಿಕ ಅನುಭವವೇ ರೋಗದ ಬೇರೆಂದು ಕಂಡುಬಂತು ಎಂದು ಅವರು ವಾದಿಸಿದರು. ಸಭೆಯ ಪ್ರತಿಕ್ರಿಯೆ ತಣ್ಣಗಿತ್ತು. ಅಧ್ಯಕ್ಷತೆ ವಹಿಸಿದ್ದ ಕ್ರಾಫ್ಟ್-ಎಬಿಂಗ್ ಅದನ್ನು ವಿಜ್ಞಾನದ ವೇಷ ತೊಟ್ಟ ಕಟ್ಟುಕತೆ ಎಂಬಂತೆ ತಳ್ಳಿಹಾಕಿದರೆಂದು ಫ್ರಾಯ್ಡ್ ತಮ್ಮ ಗೆಳೆಯ ಫ್ಲೀಸ್‌ಗೆ ಬರೆದರು. ಮರುವರ್ಷ, 1897ರ ಸೆಪ್ಟೆಂಬರ್ 21ರಂದು, ಅದೇ ಗೆಳೆಯನಿಗೆ ಬರೆದ ಪತ್ರದಲ್ಲಿ ತಮ್ಮ ಸಿದ್ಧಾಂತದಲ್ಲಿ ತಮಗೇ ನಂಬಿಕೆ ಉಳಿದಿಲ್ಲವೆಂದರು. ಇಷ್ಟೊಂದು ತಂದೆಯರು ಇಂಥ ಕೃತ್ಯ ಎಸಗಿರಲು ಸಾಧ್ಯವೇ ಎಂಬುದು ಅವರು ಕೊಟ್ಟ ಕಾರಣಗಳಲ್ಲೊಂದು.

ಇಲ್ಲಿ ಫ್ರಾಯ್ಡ್ ಅವರಿಗೆ ಅನ್ಯಾಯ ಮಾಡಬಾರದು. ಎಲ್ಲ ಹಿಸ್ಟೀರಿಯಾಕ್ಕೂ ಒಂದೇ ಕಾರಣವೆಂಬ ಅವರ ಮೂಲ ವಾದ ಅತಿರೇಕದ್ದಾಗಿತ್ತು. ರೋಗಿಗಳ ಮೇಲೆ ಅವರು ಒತ್ತಡ ಹಾಕಿ ಹೇಳಿಸುತ್ತಿದ್ದರೆಂಬ ಟೀಕೆಯೂ ಇದೆ. ಮಕ್ಕಳ ಮೇಲೆ ದೌರ್ಜನ್ಯ ನಡೆಯುವುದೇ ಇಲ್ಲವೆಂದು ಅವರು ಎಂದೂ ಹೇಳಲಿಲ್ಲ. ಆದರೆ ಅವರ ಶಿಷ್ಯ ಪರಂಪರೆ ಎತ್ತಿಕೊಂಡದ್ದು ಇನ್ನೊಂದು ಪಾಠವನ್ನು. ಇಂಥ ನೆನಪುಗಳು ಬಹುಮಟ್ಟಿಗೆ ಮಗುವಿನ ಕಲ್ಪನೆ, ಮಗುವಿನದೇ ಆಸೆ ಎಂಬ ನಂಬಿಕೆ ದಶಕಗಳ ಕಾಲ ಚಿಕಿತ್ಸಾಲಯಗಳನ್ನು ಆಳಿತು.

ಆ ಪರಂಪರೆಯ ಒಳಗಿನಿಂದಲೇ ಒಂದು ಅಪಸ್ವರ ಕೇಳಿಬಂತು. ಹಂಗೇರಿಯ ಸ್ಯಾಂಡರ್ ಫೆರೆಂಕ್ಜಿ ಫ್ರಾಯ್ಡ್‌ಗೆ ಅತ್ಯಂತ ಆಪ್ತರಾಗಿದ್ದವರು. 1932ರಲ್ಲಿ ಜರ್ಮನಿಯ ವೀಸ್‌ಬಾಡೆನ್‌ನಲ್ಲಿ ಓದಿದ ಪ್ರಬಂಧದಲ್ಲಿ, ರೋಗಿಗಳು ಹೇಳುವುದು ನಿಜವಾಗಿ ನಡೆದದ್ದನ್ನು ಎಂದು ಅವರು ಪ್ರತಿಪಾದಿಸಿದರು. ಭಯದಿಂದ ಜಡವಾದ ಮಗು ದೊಡ್ಡವರ ತಪ್ಪನ್ನು ತನ್ನ ತಪ್ಪೆಂದೇ ಒಳಗೆ ಹೊತ್ತುಕೊಳ್ಳುತ್ತದೆ. ಆಮೇಲೆ ನಂಬಿದ ಹಿರಿಯರು ಏನೂ ನಡೆದೇ ಇಲ್ಲವೆಂದರೆ ಗಾಯ ಇನ್ನೂ ಆಳಕ್ಕಿಳಿಯುತ್ತದೆ. ಇದು ಅವರ ಮಾತಿನ ತಿರುಳು. ಪ್ರಬಂಧ ಓದದಂತೆ ಫ್ರಾಯ್ಡ್ ಅವರೇ ತಡೆಯಲು ನೋಡಿದ್ದರು. ಮರುವರ್ಷ ಫೆರೆಂಕ್ಜಿ ತೀರಿಕೊಂಡರು. ಪ್ರಬಂಧ ಇಂಗ್ಲಿಷಿನಲ್ಲಿ ಅಚ್ಚಾಗಲು 1949ರ ತನಕ ಕಾಯಬೇಕಾಯಿತು.

ಈ ಮೌನಕ್ಕೆ ತೆತ್ತ ಬೆಲೆ ಎಷ್ಟೆಂದು ತಿಳಿಯಲು ಒಂದು ಉದಾಹರಣೆ ಸಾಕು. 1975ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಮನೋವೈದ್ಯಶಾಸ್ತ್ರದ ಒಂದು ಪ್ರಮುಖ ಪಠ್ಯಪುಸ್ತಕ, ಕುಟುಂಬದೊಳಗಿನ ಲೈಂಗಿಕ ಸಂಬಂಧ ಹತ್ತು ಲಕ್ಷ ಜನರಲ್ಲಿ ಒಬ್ಬರಿಗೆ ಸಂಬಂಧಿಸಿದ್ದು ಎಂದು ಬರೆದಿತ್ತು. ಮೂರೇ ವರ್ಷದ ನಂತರ ಸಮಾಜಶಾಸ್ತ್ರಜ್ಞೆ ಡಯಾನಾ ರಸೆಲ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 930 ಮಹಿಳೆಯರನ್ನು ಖುದ್ದಾಗಿ ಸಂದರ್ಶಿಸುವ ಸಮೀಕ್ಷೆ ನಡೆಸಿದರು. ಅವರಲ್ಲಿ ಶೇಕಡಾ 16ರಷ್ಟು ಮಂದಿ 18 ವರ್ಷ ತುಂಬುವ ಮೊದಲೇ ಸಂಬಂಧಿಕರಿಂದ ದೌರ್ಜನ್ಯಕ್ಕೆ ಒಳಗಾಗಿದ್ದರು. ಪಠ್ಯಪುಸ್ತಕಕ್ಕೂ ವಾಸ್ತವಕ್ಕೂ ನಡುವೆ ಇಷ್ಟು ದೊಡ್ಡ ಅಂತರವಿತ್ತು. ವ್ಯತ್ಯಾಸ ಇಷ್ಟೇ: ರಸೆಲ್ ಹೋಗಿ ಕೇಳಿದ್ದರು.

ಕೇಳುವ ಕೆಲಸ ವ್ಯವಸ್ಥಿತವಾಗಿ ಆರಂಭವಾದದ್ದು ಬಾಸ್ಟನ್‌ನಲ್ಲಿ. ಮಹಿಳಾ ಚಳವಳಿ ಅತ್ಯಾಚಾರದ ಪ್ರಶ್ನೆಯನ್ನು ಬೀದಿಗೆ ತಂದಿದ್ದ ಕಾಲವದು. 1972ರಿಂದ ಒಂದು ವರ್ಷ ಕಾಲ, ದಾದಿ ವೃತ್ತಿಯ ಪ್ರಾಧ್ಯಾಪಕಿ ಆನ್ ಬರ್ಜೆಸ್ ಮತ್ತು ಸಮಾಜಶಾಸ್ತ್ರಜ್ಞೆ ಲಿಂಡಾ ಹೋಮ್‌ಸ್ಟ್ರಾಮ್ ಬಾಸ್ಟನ್ ಸಿಟಿ ಆಸ್ಪತ್ರೆಯಿಂದ ಕರೆ ಬಂದಾಗಲೆಲ್ಲ, ಹಗಲಿರಲಿ ರಾತ್ರಿಯಿರಲಿ, ಧಾವಿಸಿ ಹೋಗುತ್ತಿದ್ದರು. ಹೀಗೆ 146 ಮಂದಿಯನ್ನು ಕಂಡರು. ಅತ್ಯಂತ ಕಿರಿಯ ಸಂತ್ರಸ್ತೆಗೆ 3 ವರ್ಷ, ಅತ್ಯಂತ ಹಿರಿಯರಿಗೆ 73 ವರ್ಷ. ಅವರಲ್ಲಿ 92 ವಯಸ್ಕ ಮಹಿಳೆಯರ ಅನುಭವವನ್ನು ಆಧರಿಸಿ 1974ರಲ್ಲಿ ಪ್ರಕಟಿಸಿದ ಲೇಖನ ಇಂದಿಗೂ ಈ ಕ್ಷೇತ್ರದ ಮೈಲುಗಲ್ಲು.

ದುಃಸ್ವಪ್ನ, ನಿದ್ರಾಹೀನತೆ, ಒಂಟಿಯಾಗಿರಲು ಭಯ, ಮನೆ ಬದಲಾಯಿಸುವ ತವಕ, ತನ್ನನ್ನೇ ತಾನು ದೂರಿಕೊಳ್ಳುವುದು - ಹೀಗೆ ಬೇರೆ ಬೇರೆ ಮಹಿಳೆಯರಲ್ಲಿ ಒಂದೇ ಬಗೆಯ ಲಕ್ಷಣಗಳಿದ್ದವು. ಆ ಹೊತ್ತಿನಲ್ಲಿ ಅವರನ್ನು ಆಳಿದ್ದು ನಾಚಿಕೆಗಿಂತ ಹೆಚ್ಚಾಗಿ ಪ್ರಾಣಭಯ. ಇನ್ನೊಂದು ಸಂಗತಿಯನ್ನು ನಾವು ವಿಶೇಷವಾಗಿ ಗಮನಿಸಬೇಕು. ಆಸ್ಪತ್ರೆಗೆ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಅಳುತ್ತ, ನಡುಗುತ್ತ ಇದ್ದರು. ಉಳಿದ ಅರ್ಧದಷ್ಟು ಮಂದಿ ಶಾಂತವಾಗಿ, ಭಾವನೆಗಳನ್ನೆಲ್ಲ ಅದುಮಿಟ್ಟುಕೊಂಡು ಕುಳಿತಿದ್ದರು. ಅಂದರೆ ಅಳದಿರುವುದು ಏನೂ ನಡೆದಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ.

ಯುದ್ಧದಿಂದ ಮರಳಿದ ಸೈನಿಕರಲ್ಲಿಯೂ ಇಂಥವೇ ಲಕ್ಷಣಗಳಿದ್ದುದನ್ನು ವೈದ್ಯರು ಕಂಡಿದ್ದರು. ವಿಯೆಟ್ನಾಂ ಯೋಧರ ಹೋರಾಟದ ಫಲವಾಗಿ 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ 'ಆಘಾತೋತ್ತರ ಒತ್ತಡದ ಕಾಯಿಲೆ'ಯನ್ನು ಅಧಿಕೃತವಾಗಿ ಮಾನ್ಯ ಮಾಡಿತು. ಅತ್ಯಾಚಾರವನ್ನೂ ಅದರ ಕಾರಣಗಳಲ್ಲಿ ಸೇರಿಸಲಾಯಿತು. ಆದರೆ ಇಂಥ ಆಘಾತ ಮನುಷ್ಯರ ಸಾಮಾನ್ಯ ಅನುಭವದ ಹೊರಗಿನದ್ದಾಗಿರಬೇಕು ಎಂಬ ಮಾತು ಅದರ ವ್ಯಾಖ್ಯಾನದಲ್ಲಿತ್ತು. ಮಹಿಳೆಯರ ಮಟ್ಟಿಗೆ ಇದು ದುರದೃಷ್ಟವಶಾತ್ ಸಾಮಾನ್ಯ ಅನುಭವವೇ ಎಂದು ಮನೋವೈದ್ಯೆ ಜುಡಿತ್ ಹರ್ಮನ್ ಮುಂತಾದವರು ಎತ್ತಿ ತೋರಿಸಿದರು. 1994ರಲ್ಲಿ ಆ ಷರತ್ತನ್ನು ಕೈಬಿಡಲಾಯಿತು. ರಣರಂಗದ ಸೈನಿಕನ ಮನಸ್ಸಿಗೂ ತನ್ನ ಮನೆಯಲ್ಲೇ ಭಯದಿಂದ ಬದುಕಿದ ಹುಡುಗಿಯ ಮನಸ್ಸಿಗೂ ಇರುವ ನಂಟನ್ನು ಹರ್ಮನ್ 1992ರ ತಮ್ಮ ಪುಸ್ತಕದಲ್ಲಿ ವಿವರಿಸಿದರು.

ಇನ್ನು ನಮ್ಮ ಮೊದಲ ಪ್ರಶ್ನೆಗಳಿಗೆ ಬರೋಣ. ಮಗು ಯಾಕೆ ಹೇಳುವುದಿಲ್ಲ? ಮನೋವೈದ್ಯ ರೋಲಂಡ್ ಸಮಿಟ್ 1983ರಲ್ಲಿ ಇದಕ್ಕೆ ಉತ್ತರಿಸಿದರು. ದೌರ್ಜನ್ಯ ಗುಟ್ಟಿನಲ್ಲಿ ನಡೆಯುತ್ತದೆ, ಮಗು ಅಸಹಾಯಕವಾಗಿರುತ್ತದೆ, ಬಿಡಿಸಿಕೊಳ್ಳಲಾಗದೆ ಹೊಂದಿಕೊಂಡು ಬದುಕುತ್ತದೆ. ಹೇಳಿದರೂ ತಡವಾಗಿ, ತಡವರಿಸುತ್ತ ಹೇಳುತ್ತದೆ. ಮನೆಯಲ್ಲಿ ಕೋಲಾಹಲವೆದ್ದಾಗ ಹೆದರಿ ಹೇಳಿದ್ದನ್ನೇ ಹಿಂತೆಗೆದುಕೊಳ್ಳಲೂಬಹುದು. 1985ರಲ್ಲಿ ಡೇವಿಡ್ ಫಿಂಕೆಲ್‌ಹಾರ್ ಮತ್ತು ಆಂಜೆಲಾ ಬ್ರೌನ್ ಮಗುವಿಗಾಗುವ ಹಾನಿಯ ನಾಲ್ಕು ಮುಖಗಳನ್ನು ಗುರುತಿಸಿದರು: ಲೈಂಗಿಕತೆಯ ಬಗೆಗಿನ ವಿಕೃತ ಪಾಠ, ನಂಬಿದವರ ದ್ರೋಹ, ಶಕ್ತಿಹೀನತೆ ಮತ್ತು ಕಳಂಕ. ಈ ನಾಲ್ಕರಲ್ಲಿ ಕಳಂಕವೆಂಬುದನ್ನು ಅಪರಾಧಿಯೊಬ್ಬನೇ ಹಚ್ಚುವುದಿಲ್ಲ. ಸುತ್ತಲಿನ ನಾವೂ ಅದರಲ್ಲಿ ಕೈಜೋಡಿಸುತ್ತೇವೆ.

ಯಾಕೆ ಕಿರುಚಲಿಲ್ಲ ಎಂಬುದಕ್ಕೆ ದೇಹವೇ ಉತ್ತರ ಕೊಟ್ಟಿದೆ. ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲದ ಭಯದಲ್ಲಿ ಪ್ರಾಣಿಗಳಂತೆ ಮನುಷ್ಯರ ದೇಹವೂ ಮರಗಟ್ಟುತ್ತದೆ. ಕೈಕಾಲು ಆಡುವುದಿಲ್ಲ, ದನಿ ಹೊರಡುವುದಿಲ್ಲ. ಸ್ಟಾಕ್‌ಹೋಮಿನ ತುರ್ತು ಚಿಕಿತ್ಸಾಲಯವೊಂದಕ್ಕೆ ಬಂದ 298 ಮಹಿಳೆಯರ ಬಗ್ಗೆ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇಕಡಾ 70ರಷ್ಟು ಮಂದಿ ಗಣನೀಯ ಪ್ರಮಾಣದಲ್ಲಿ ಈ ಸ್ಥಿತಿಯನ್ನು ಅನುಭವಿಸಿದ್ದರು. ಪ್ರತಿಭಟಿಸದಿರುವುದು ಒಪ್ಪಿಗೆಯಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಸಂಶೋಧನೆಯ ದಾರಿಯಲ್ಲಿ ಎಡವಟ್ಟುಗಳೂ ನಡೆದಿವೆ. 1980 ಮತ್ತು 90ರ ದಶಕಗಳ ಅಮೆರಿಕದಲ್ಲಿ ಕೆಲವು ಚಿಕಿತ್ಸಕರು ಸಮ್ಮೋಹನ ಮತ್ತು ಒತ್ತಾಯದಿಂದ 'ಮರೆತುಹೋದ ನೆನಪು'ಗಳನ್ನು ಹೊರತೆಗೆಯಲು ಹೊರಟರು. ಒತ್ತಿ ಒತ್ತಿ ಕೇಳಿದರೆ ನಡೆಯದ ಘಟನೆಯೂ ನೆನಪಾಗಿ ಕೂರಬಲ್ಲದು ಎಂದು ಎಲಿಜಬೆತ್ ಲಾಫ್ಟಸ್ ಅವರ ಪ್ರಯೋಗಗಳು ತೋರಿಸಿದವು. ಕೆಲವು ನಿರಪರಾಧಿಗಳೂ ನೊಂದರು. ಇದರಿಂದ ಕಲಿಯಬೇಕಾದದ್ದು ಸಂತ್ರಸ್ತರನ್ನು ನಂಬಬಾರದು ಎಂಬುದನ್ನಲ್ಲ, ಅವರ ಬಾಯಿಗೆ ನಮ್ಮ ಮಾತನ್ನು ತುರುಕಬಾರದು ಎಂಬುದನ್ನು.

ನಮ್ಮ ದೇಶದಲ್ಲಿ ಈ ಅರಿವು ನ್ಯಾಯಾಲಯದ ಬಾಗಿಲಲ್ಲಿ ಬಹಳ ಕಾಲ ಕಾದು ನಿಂತಿತ್ತು. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಪೊಲೀಸರೇ ಅತ್ಯಾಚಾರವೆಸಗಿದ ಆರೋಪವಿದ್ದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ 1978ರಲ್ಲಿ ಆರೋಪಿಗಳನ್ನು ಬಿಡುಗಡೆ ಮಾಡಿತು. ಅವಳ ಮೈಮೇಲೆ ಗಾಯದ ಗುರುತುಗಳಿಲ್ಲ, ಅವಳು ಪ್ರತಿರೋಧಿಸಿದ ಕುರುಹಿಲ್ಲ ಎಂಬುದು ಮುಖ್ಯ ಕಾರಣವಾಗಿತ್ತು. ಬಾಸ್ಟನ್ ಅಧ್ಯಯನ ಪ್ರಕಟವಾಗಿ ಆಗಲೇ ನಾಲ್ಕು ವರ್ಷವಾಗಿತ್ತು. 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್ ಮತ್ತು ವಸುಧಾ ಧಗಂವಾರ್ ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಬಹಿರಂಗ ಪತ್ರ ಶರಣಾಗುವುದಕ್ಕೂ ಒಪ್ಪುವುದಕ್ಕೂ ಇರುವ ವ್ಯತ್ಯಾಸವನ್ನು ನೆನಪಿಸಿತು. ದೇಶದಾದ್ಯಂತ ಎದ್ದ ಪ್ರತಿಭಟನೆಯಿಂದ 1983ರಲ್ಲಿ ಕಾನೂನು ತಿದ್ದುಪಡಿಯಾಯಿತು.

ಸಂಶೋಧನೆಯೂ ನಮ್ಮಲ್ಲಿ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ಪ್ರಭಾ ಚಂದ್ರ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀವ್ರ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದ 146 ಮಹಿಳೆಯರ ಪೈಕಿ ಮೂರನೇ ಒಂದರಷ್ಟು ಮಂದಿ ಲೈಂಗಿಕ ಬಲಾತ್ಕಾರ ಅನುಭವಿಸಿದ್ದರು. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಅದನ್ನು ಯಾರಿಗೂ ಹೇಳಿರಲಿಲ್ಲ. ಕೇಂದ್ರ ಸರ್ಕಾರ 2007ರಲ್ಲಿ ಪ್ರಕಟಿಸಿದ, 13 ರಾಜ್ಯಗಳ 12,447 ಮಕ್ಕಳನ್ನು ಒಳಗೊಂಡ ಅಧ್ಯಯನದಲ್ಲಿ ಶೇಕಡಾ 53ರಷ್ಟು ಮಕ್ಕಳು ಯಾವುದಾದರೊಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದರು. ಅವರಲ್ಲಿ ಗಂಡುಮಕ್ಕಳೇ ಅರ್ಧಕ್ಕಿಂತ ಹೆಚ್ಚಿದ್ದರು. 2012ರಲ್ಲಿ ಪೋಕ್ಸೊ ಕಾಯ್ದೆ ಬಂತು. 2014ರಲ್ಲಿ ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿ 'ಎರಡು ಬೆರಳು' ಪರೀಕ್ಷೆ ಕೂಡದೆಂದಿತು.

ಆದರೂ ಹಳೆಯ ಪ್ರಶ್ನೆಗಳು ಸತ್ತಿರಲಿಲ್ಲ. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನಿರೀಕ್ಷಣಾ ಜಾಮೀನು ಆದೇಶವೊಂದರಲ್ಲಿ, ಘಟನೆಯ ನಂತರ ದಣಿದು ನಿದ್ದೆಹೋದೆನೆಂಬ ದೂರುದಾರಳ ಹೇಳಿಕೆ ಭಾರತೀಯ ಮಹಿಳೆಗೆ ತಕ್ಕುದಲ್ಲ ಎಂಬರ್ಥದ ಮಾತಿತ್ತು. ವ್ಯಾಪಕ ಟೀಕೆಯ ಬಳಿಕ ನ್ಯಾಯಾಲಯವೇ ಆ ಸಾಲನ್ನು ತೆಗೆದುಹಾಕಿತು. ಜಾಮೀನು ಸರಿಯೋ ತಪ್ಪೋ ಎಂಬುದು ಬೇರೆ ವಿಷಯ. ಆದರೆ ನೊಂದವರು ಇಂಥದೇ ರೀತಿಯಲ್ಲಿ ವರ್ತಿಸಬೇಕೆಂಬ ಕಲ್ಪನೆಯನ್ನು ಬಾಸ್ಟನ್‌ನ ಇಬ್ಬರು ಮಹಿಳೆಯರು 46 ವರ್ಷ ಹಿಂದೆಯೇ ಸುಳ್ಳೆಂದು ತೋರಿಸಿದ್ದರು. 2023ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಾಧೀಶರಿಗಾಗಿ ಹೊರತಂದ ಕೈಪಿಡಿ ಈ ಮಾತನ್ನು ಒಪ್ಪಿಕೊಂಡಿದೆ.

ಈ ಚರಿತ್ರೆ ನೋವಿನದ್ದಷ್ಟೇ ಅಲ್ಲ, ಭರವಸೆಯದ್ದೂ ಹೌದು. 1992ರ ಅಧ್ಯಯನವೊಂದರಲ್ಲಿ ಅತ್ಯಾಚಾರವಾಗಿ ಸುಮಾರು 12 ದಿನಗಳಾಗಿದ್ದಾಗ ಶೇಕಡಾ 94ರಷ್ಟು ಮಹಿಳೆಯರಲ್ಲಿ ಆಘಾತದ ಲಕ್ಷಣಗಳು ತೀವ್ರವಾಗಿದ್ದವು. ಮೂರು ತಿಂಗಳಲ್ಲಿ ಆ ಪ್ರಮಾಣ ಶೇಕಡಾ 47ಕ್ಕೆ ಇಳಿದಿತ್ತು. ಮಕ್ಕಳ ಬಗೆಗಿನ 45 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ 1993ರ ವಿಮರ್ಶೆಯೊಂದು, ಮೂರನೇ ಎರಡರಷ್ಟು ಮಕ್ಕಳು ಒಂದರಿಂದ ಒಂದೂವರೆ ವರ್ಷದೊಳಗೆ ಚೇತರಿಸಿಕೊಳ್ಳುವುದನ್ನು ಕಂಡಿತು. ತಾಯಿಯ ಆಸರೆ ಸಿಗದ ಮಕ್ಕಳಲ್ಲಿ ತೊಂದರೆ ಹೆಚ್ಚಿತ್ತು. ಕೇಳಿದವರು ದೂಷಿಸಿದರೆ ಆಘಾತದ ಲಕ್ಷಣಗಳು ಹೆಚ್ಚಾಗಿರುತ್ತವೆ ಎಂಬುದನ್ನು ಸಾರಾ ಉಲ್ಮನ್ ಅವರ ದೀರ್ಘಕಾಲದ ಸಂಶೋಧನೆ ದೃಢಪಡಿಸಿದೆ. ಫೆರೆಂಕ್ಜಿ 1932ರಲ್ಲಿ ಹೇಳಿದ್ದೂ ಇದನ್ನೇ.

ನಮ್ಮ ಭಾಷೆಯಲ್ಲಿ ಈ ಅಪರಾಧಕ್ಕೆ 'ಮಾನಭಂಗ' ಎಂಬ ಪದವಿದೆ. 'ಶೀಲ ಹೋಯಿತು', 'ಬಾಳು ಹಾಳಾಯಿತು' ಎನ್ನುತ್ತೇವೆ. ಸಹಾನುಭೂತಿಯಿಂದಲೇ ಆಡುವ ಈ ಮಾತುಗಳು ಕಳೆದುಹೋದದ್ದು ನೊಂದವಳ ಮಾನವೆಂದು ಸಾರುತ್ತವೆ. ಹಾಗಾಗಿಯೇ ಮನೆಯವರು ಗಾಯಕ್ಕೆ ಚಿಕಿತ್ಸೆ ಹುಡುಕುವ ಬದಲು ಸುದ್ದಿಯನ್ನು ಮುಚ್ಚಿಡಲು ನೋಡುತ್ತಾರೆ, ತರಾತುರಿಯಲ್ಲಿ ಮದುವೆ ಮಾಡಲು ಓಡಾಡುತ್ತಾರೆ. ಸಂಶೋಧನೆ ಹೇಳುವುದು ಬೇರೆ. ಇಲ್ಲಿ ಆದದ್ದು ಗಾಯ. ಗಾಯವನ್ನು ಮಾಡಿದವನು ಅಪರಾಧಿ, ಗಾಯಗೊಂಡವರು ಚೇತರಿಸಿಕೊಳ್ಳಬಲ್ಲವರು.

ನಮ್ಮ ಮನೆಯ ಮಗಳೋ ಮಗನೋ, ತಂಗಿಯೋ ಒಂದು ದಿನ ತಡವರಿಸುತ್ತ ಏನನ್ನೋ ಹೇಳಲು ಬಂದರೆ, ಆ ಹೊತ್ತಿನಲ್ಲಿ ಎದುರಿಗಿರುವುದು ಮನೋವೈದ್ಯರೂ ಅಲ್ಲ, ನ್ಯಾಯಾಧೀಶರೂ ಅಲ್ಲ, ನಾವು. ಆಗ ಯಾಕೆ ಹೇಳಲಿಲ್ಲ ಎಂದು ಕೇಳುವ ಬದಲು, ಈಗ ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ ಎಂದರೆ, ಚಿಕಿತ್ಸೆಯ ಮೊದಲ ಹೆಜ್ಜೆಯನ್ನು ಮನೆಯಲ್ಲೇ ಇಟ್ಟಂತಾಗುತ್ತದೆ.