ಕೋಗಳಿಯ ಬಸದಿ: ಶಿಲೆ ಕಾಯ್ದ ನೆನಪು

ಕಾನಹೊಸಹಳ್ಳಿಯ ಸುತ್ತಣ ಸೀಮೆಯಲ್ಲಿ ಪ್ರಾಚೀನ ಸ್ಥಳಗಳನ್ನು ಅರಸುವ ಧರ್ಮಬಂಧುಗಳು ಕೋಗಳಿಯನ್ನು ಅವಶ್ಯ ಸಂದರ್ಶಿಸಬೇಕು. ಹಿಂದೆ 'ಕೋಗಳಿ ಐನೂರು' ಎಂಬ ನಾಡಿಗೆ ಹೆಸರಿತ್ತ ಊರಿದು. ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದ ಕ್ರಿ.ಶ. 1055ರ ಶಾಸನವು, ಇಲ್ಲಿಯ ಬಸದಿಯನ್ನು ಗಂಗದೊರೆ ದುರ್ವಿನೀತನು ನಿರ್ಮಿಸಿದನೆಂದೂ ಇಂದ್ರಕೀರ್ತಿ ಮುನಿಗಳು ಅದಕ್ಕೆ ದತ್ತಿಯಿತ್ತರೆಂದೂ ತಿಳಿಸುತ್ತದೆ. ದುರ್ವಿನೀತನು 6ನೆಯ ಶತಮಾನದವನು. ಆದಕಾರಣ ಶಾಸನದ ಮಾತು ಕಣ್ಣಾರೆ ಕಂಡವರ ಸಾಕ್ಷ್ಯವಲ್ಲ. ಐದು ಶತಮಾನಗಳ ಕಾಲ ಶ್ರಾವಕ ಸಮಾಜವು ಕಾಪಾಡಿಕೊಂಡು ಬಂದ ನೆನಪು. 13ನೆಯ ಶತಮಾನದಲ್ಲಿ, ಹೊಯ್ಸಳ ರಾಮನಾಥನ ಕಾಲದಲ್ಲೂ, ಇಲ್ಲಿಯ ಚೆನ್ನಪಾರ್ಶ್ವದೇವರಿಗೆ ದಾನಗಳು ಸಂದವು.

ಜೀರ್ಣೋದ್ಧಾರಕ್ಕೆ ಕೈಯಿಕ್ಕುವಾಗ ಸುಣ್ಣಬಣ್ಣದಡಿ ಒಂದಕ್ಷರವೂ ಮರೆಯಾಗದಂತೆ ನಾವು ಎಚ್ಚರ ವಹಿಸಬೇಕು. ಶಿಲೆಯ ಲಿಪಿ ಅಳಿದರೆ ಆ ದಾನಿಗಳನ್ನೂ ಮುನಿಗಳನ್ನೂ ನೆನೆಯುವವರಾರು?